ಏಳನೆಯ ಸಾಲು

ಪಟ್ಟಿಯಲ್ಲಿ ಒಂಬತ್ತು ಸಾಲುಗಳಿದ್ದವು. ಏಳನೆಯದನ್ನು ಅಳಿಸಿದ ಮೇಲೆ ಎಂಟಾದವು. ಕೆಳಗಿನ ಎರಡು ಸಾಲು ತಾವಾಗಿಯೇ ಮೇಲೆ ಸರಿದು ಜಾಗ ತುಂಬಿಕೊಂಡವು. ಅಲ್ಲಿ ಏನೋ ಇತ್ತೆಂಬ ಗುರುತೂ ಉಳಿಯದಿದ್ದುದನ್ನು ಕಂಡು ಅವನಿಗೆ ಹಾಯೆನಿಸಿತು. ಬೆಳಿಗ್ಗೆ ಎಂಟೂವರೆ. ನೆಲ ಒರೆಸುವ ಹೆಂಗಸನ್ನು ಬಿಟ್ಟರೆ ಆಫೀಸಿನ ಆ ಅಂತಸ್ತಿನಲ್ಲಿ ಇನ್ನೂ ಯಾರೂ ಇರಲಿಲ್ಲ. ಆಕೆ ಕುರ್ಚಿಯ ಹತ್ತಿರ ಬಂದು "ಕಾಲೆತ್ತಿ ಸರ್" ಎಂದಾಗ ಎರಡೂ ಕಾಲನ್ನು ಎತ್ತಿ ಹಿಡಿದು, ಆಕೆ ಹೋದ ಮೇಲೂ ಇಳಿಸಲು ಮರೆತು, ಪಟ್ಟಿಯನ್ನು ಮೇಲಿನಿಂದ ಮತ್ತೆ ಓದಿದ. ಮೂರು ಮಾರ್ಕಪ್ ಭಾಷೆಗಳ ಹೋಲಿಕೆ. ಪರದೆಯ ಮೇಲೆ ಯಾವ ಅಂಕಿ ಎಲ್ಲಿ ಕೂರಬೇಕು, ಯಾವ ಬಟನ್ ಎಷ್ಟು ದೊಡ್ಡದಿರಬೇಕು ಎಂದು ಕಂಪ್ಯೂಟರಿಗೆ ಬರೆದು ಹೇಳುವ ಮೂರು ರೀತಿ. ಕಂಪನಿ ಆಸ್ಪತ್ರೆಯ ಯಂತ್ರಗಳಿಗೆ ಪರದೆ ಮಾಡಿಕೊಡುತ್ತಿತ್ತು. ರೋಗಿಯ ತಲೆಯ ಬಳಿ ನಿಂತು ನಾಡಿ, ಉಸಿರು, ರಕ್ತದೊತ್ತಡ ತೋರಿಸುವ ಯಂತ್ರಗಳಿಗೆ. ಮೊದಲ ಅಂಕಣದಲ್ಲಿದ್ದದ್ದು ಕಂಪನಿಯ ಸ್ವಂತದ, ಇಪ್ಪತ್ತೆರಡು ವರ್ಷ ಹಳೆಯ 'ಚೌಕಟ್ಟು'. ಮಿಕ್ಕ ಎರಡು ಹೊರಗಿನವು, ಹೊಸವು. ಒಂದರಲ್ಲಿ ಪ್ರತಿಯೊಂದನ್ನೂ ಮೊನಚು ಕಂಸದಲ್ಲಿ ತೆರೆದು, ಮರೆಯದೆ ಮುಚ್ಚಬೇಕು. ಇನ್ನೊಂದರಲ್ಲಿ ಶಾಲೆಯ ಲೆಕ್ಕದ ಪುಷ್ಪಾವರಣದಂಥ ಕಂಸ ಹಾಕಿ, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಕೂರಿಸುತ್ತ ಹೋಗಬೇಕು. ಕಲಿಯಲು ಎಷ್ಟು ದಿನ, ಪರದೆ ಚಿಕ್ಕದಾದರೆ ತಾನೇ ಹೊಂದಿಕೊಳ್ಳುತ್ತದೆಯೇ, ನಾಡಿಯ ಅಂಕಿ ಬದಲಾದಾಗ ಪರದೆಯ ಅಂಕಿಯೂ ಬದಲಾಗಲು ಎಷ್ಟು ಬರೆಯಬೇಕು, ಹೊಸಬರು ಕೆಲಸಕ್ಕೆ ಸಿಗುತ್ತಾರೆಯೇ, ಎಲ್ಲದರಲ್ಲೂ ಚೌಕಟ್ಟಿನ ಮುಂದೆ ಕೆಂಪು ಬಣ್ಣ. ಅದು ಗೆದ್ದಿದ್ದದ್ದು ಏಳನೆಯದರಲ್ಲಿ ಮಾತ್ರ: ಬರೆಯುವವರು ತಪ್ಪಿದರೆ ಏನಾಗುತ್ತದೆ? ಹೊಸ ಭಾಷೆಗಳು ತಪ್ಪನ್ನು ನುಂಗಿಕೊಂಡು ಸುಮ್ಮನಿರುತ್ತವೆ. ಒಂದಕ್ಷರ ಹೆಚ್ಚುಕಡಿಮೆಯಾದರೆ ಆ ತುಂಡೊಂದನ್ನು ಸದ್ದಿಲ್ಲದೆ ಕೈಬಿಟ್ಟು ಉಳಿದದ್ದನ್ನು ಲಕ್ಷಣವಾಗಿ ತೋರಿಸುತ್ತವೆ. ಚೌಕಟ್ಟು ಹಟಮಾರಿ. 'ಹನ್ನೆರಡನೆಯ ಸಾಲಿನ ಪದ ನನಗೆ ತಿಳಿಯದು, ತಿದ್ದುವ ತನಕ ಏನನ್ನೂ ತೋರಿಸುವುದಿಲ್ಲ' ಎಂದು ಬರೆದು ಕೂತುಬಿಡುತ್ತದೆ.

ಅದನ್ನು ಕಟ್ಟಿದವರೂ ಹಾಗೆಯೇ. ಅವರು ಅವನಿಗೆ ಕೆಲಸ ಕಲಿಸಿದವರು, ಆಮೇಲೆ ಮಗಳನ್ನು ಕೊಟ್ಟವರು. ಮನೆಯಲ್ಲಿ ಮಾವ, ಆಫೀಸಿನಲ್ಲಿ ಸರ್. ಆ ನಿಯಮವನ್ನು ಹಾಕಿದವರೂ ಅವರೇ, ಮದುವೆಯಾದ ಎಂಟನೆಯ ದಿನ, ಇಪ್ಪತ್ತು ಜನರ ಎದುರಿಗೆ. "ಇಲ್ಲಿ ನನಗೆ ಅಳಿಯ ಅಂತ ಯಾರೂ ಇಲ್ಲಪ್ಪ," ಎಂದಿದ್ದರು, "ಮನೆಗೆ ಹೋದ್ಮೇಲೆ ನೆಂಟಸ್ತನ." ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಚೌಕಟ್ಟಿನಲ್ಲಿ ಬಟನ್ನಿಗೆ 'ಗುಂಡಿ' ಎಂದು ಬರೆಯಬೇಕಿತ್ತು. ಹೊಸಬರು ಬಂದಾಗಲೆಲ್ಲ ಯಾರಾದರೊಬ್ಬರು "ಹುಷಾರು, ಗುಂಡಿಗೆ ಬೀಳ್ಬೇಡಿ" ಎನ್ನುವುದು, ಮಾವ ಮೊದಲ ಸಲ ಕೇಳಿದವರಂತೆ ನಗುವುದು ವಾಡಿಕೆ. ಅವನು ಬರೆದ ಮೊದಲ ಪರದೆಯನ್ನು ಅವರು ಕಾಗದದ ಮೇಲೆ ಮುದ್ರಿಸಿ ತಂದು, ಕೆಂಪು ಪೆನ್ನಿನಿಂದ ಗೀಚಿ, ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ್ದರು. "ಇದೇನ್ರೀ, ಪರದೆನೋ ಸಂತೆನೋ? ನರ್ಸು ರೋಗಿನ ನೋಡ್ಬೇಕೋ, ನಿಮ್ಮ ಚಿತ್ತಾರ ನೋಡ್ಬೇಕೋ?" ಸರಿಯಾಗೇ ಹೇಳಿದ್ದರು. ಆ ಪರದೆ ನಿಜಕ್ಕೂ ಸಂತೆಯಾಗಿತ್ತು. ಅವರು ತಪ್ಪಾಗಿ ಹೇಳಿದ್ದರೆ ಇಷ್ಟು ವರ್ಷ ಹೊತ್ತುಕೊಂಡು ತಿರುಗುವ ಅಗತ್ಯವಿರುತ್ತಿರಲಿಲ್ಲವೇನೋ. ಅವಮಾನ ಮಾಡಿದವರು ಸರಿಯಿದ್ದುಬಿಟ್ಟರೆ ಅದನ್ನು ಇಳಿಸಿಡಲು ಜಾಗವೇ ಸಿಗುವುದಿಲ್ಲ.

ಮನೆಯೂ ಅವರದೇ. ಕೆಳಗಿನ ಎರಡು ಕೋಣೆ ಮಾವನಿಗೆ, ಮೇಲಿನದು ಮಗಳು ಅಳಿಯನಿಗೆ. ಮದುವೆಗೆ ಮೊದಲು ಹೆಣ್ಣಿನ ಕಡೆಯ ಮಾತುಕತೆಗೆಂದು ಆ ಮನೆಗೆ ಹೋಗಿದ್ದಾಗ ಕೈತೊಳೆಯಲು ಎದ್ದವನು, ನಲ್ಲಿ ತಿರುಗಿಸುವ ಮುಂಚೆ, ಗೋಡೆಯ ಆಚೆ ಅವರು ಯಾರಿಗೋ ಹೇಳುತ್ತಿದ್ದುದನ್ನು ಕೇಳಿಸಿಕೊಂಡಿದ್ದ: "ಹುಡುಗ ಅಂಥಾ ಜಾಣ ಅಲ್ಲ. ಆದ್ರೆ ಹೇಳಿದ್ದು ಕೇಳ್ತಾನೆ." ಆಮೇಲೆ ನೀರು ಬಿಟ್ಟು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕೈ ತೊಳೆದು, ಹೊರಗೆ ಬಂದು ಒಪ್ಪಿಗೆ ಎಂದಿದ್ದ. ಹದಿನೆಂಟು ವರ್ಷವಾಯಿತು. ಹೆಂಡತಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅವಳು ಅಪ್ಪನ ಪರವಾಗಿ ಏನಾದರೂ ಅಂದುಬಿಟ್ಟಾಳು ಎಂಬ ಹೆದರಿಕೆಗಿಂತ, ಅದರಲ್ಲೇನು ತಪ್ಪು ಎಂದು ನಿಜವಾಗಿ ಅರ್ಥವಾಗದೆ ಕಣ್ಣರಳಿಸಿಯಾಳು ಎಂಬ ಹೆದರಿಕೆ ದೊಡ್ಡದು.

ಅದೇ ಹೆಂಡತಿ ಮೂರು ವಾರದ ಹಿಂದೆ, ಒಣಗಿದ ಬಟ್ಟೆ ಮಡಿಸುತ್ತ, ಅವನ ಅಂಗಿಯ ಕಾಲರನ್ನು ಬೆರಳಿನಲ್ಲಿ ಮತ್ತೆ ಮತ್ತೆ ತೀಡುತ್ತ ಹೇಳಿದ್ದಳು. "ರೀ, ಅಪ್ಪಂಗೆ ಮರೆವು ಶುರುವಾಗಿದೆ. ಬರೀ ವಯಸ್ಸಿನ ಮರೆವಲ್ಲ. ಡಾಕ್ಟ್ರು ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರು. ಎರಡೇ ಹೇಳಿದ್ರು. ಮೂರನೇದಕ್ಕೆ ನನ್ನ ಮುಖ ನೋಡಿದ್ರು ಕಣ್ರೀ, ಪರೀಕ್ಷೇಲಿ ಪಕ್ಕದವರನ್ನ ನೋಡ್ತಾರಲ್ಲ, ಹಾಗೆ." ಅವಳು ಅಳಲಿಲ್ಲ. ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದಳು. "ಆಫೀಸಲ್ಲಿ ಯಾರಿಗೂ ತಿಳೀಬಾರ್ದು. ಇನ್ನೊಂದು ವರ್ಷ, ಮರ್ಯಾದೆಯಿಂದ ಬಿಟ್ಟು ಬರ್ಲಿ. ನೀವು ಪಕ್ಕದಲ್ಲೇ ಇರಿ. ಮಾತು ಸಿಗದೆ ತಡಕಾಡಿದ್ರೆ ಮೆಲ್ಲಗೆ ಎತ್ತಿ ಕೊಡಿ. ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಹೇಳ್ಲಿ?" ಆಗಲಿ ಎಂದಿದ್ದ. ಮನಸಾರೆ ಹೇಳಿದ್ದ, ಅವಳ ತಲೆ ಸವರಿದ್ದ ಕೂಡ. ಅದಾಗಿ ಎರಡೇ ದಿನಕ್ಕೆ ಹೊಸ ಮುಖ್ಯಸ್ಥೆ ಎಲ್ಲರನ್ನೂ ಕರೆದು, ಮುಂದಿನ ಯಂತ್ರಕ್ಕೆ ಯಾವ ಭಾಷೆ ಎಂದು ಹೋಲಿಸಿ ತೀರ್ಮಾನಿಸಬೇಕು, ಪಟ್ಟಿ ಮಾಡಿ ಎಂದಾಗ, ಅವನ ಬಾಯಿಂದ ಆ ಮಾತು ಹೊರಬಿತ್ತು. ಎಷ್ಟು ವಿನಯವಾಗಿ! "ಪಟ್ಟಿ ಮಾಡ್ತೀನಿ ಮೇಡಂ. ಆದ್ರೆ ಬರೀ ಕಾಗದದಲ್ಲಿ ಹೋಲಿಸಿದ್ರೆ ಚೌಕಟ್ಟಿಗೆ ಅನ್ಯಾಯ ಆಗುತ್ತೆ. ಮೂರು ಜನ ಎಲ್ಲರೆದುರಿಗೆ ಒಂದೇ ಸ್ಕ್ರೀನ್ ಬರೀಲಿ. ಚೌಕಟ್ಟಿನ ಕಡೆಯಿಂದ ಸರ್ ಅವರೇ ಬರೆದ್ರೆ ಅದರ ಗತ್ತು ಗೊತ್ತಾಗೋದು." ಮಾವ ಮೇಜಿನ ಆ ತುದಿಯಿಂದ ಅವನ ಕಡೆ ತಿರುಗಿ ನೋಡಿದರು. ಇಷ್ಟು ವರ್ಷಗಳಲ್ಲಿ ಆಫೀಸಿನಲ್ಲಿ ಅವರು ಅವನನ್ನು ಹಾಗೆ, ಮೆಚ್ಚಿ, ನೋಡಿದ್ದು ಅದೇ ಮೊದಲು.

ಹನ್ನೊಂದು ಗಂಟೆಗೆ ದೊಡ್ಡ ಕೋಣೆ ತುಂಬಿತು. ಮಾವ ಬಿಳಿ ಅಂಗಿ ಹಾಕಿದ್ದರು. ಬೆಳಿಗ್ಗೆ ಕಾರಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದರು. ಮಂತ್ರವೇನೋ ಎಂದುಕೊಂಡವನಿಗೆ ಕಿವಿಗೊಟ್ಟಾಗ ತಿಳಿದಿತ್ತು, ಅವರು ಚೌಕಟ್ಟಿನ ಪದಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರು. ಸಾಲು, ಕಂಬ, ಗುಂಡಿ, ಕೊಂಡಿ, ಅಂಚು. ಈಗ ಮುಂದಿನ ಸಾಲಿನಲ್ಲಿ ಕೂತು ಮಂಡಿಯ ಮೇಲೆ ಕೈ ಊರಿಕೊಂಡಿದ್ದರು. ಬರೆಯಬೇಕಾದ ಪರದೆ ಸಣ್ಣದು: ಮೇಲೆ ದೊಡ್ಡಕ್ಷರದಲ್ಲಿ ನಾಡಿ, ಅದರಡಿ ಉಸಿರು ಮತ್ತು ರಕ್ತದೊತ್ತಡ ಒಂದೇ ಸಾಲಿನಲ್ಲಿ, ಕೆಳಗೆ ನರ್ಸನ್ನು ಕರೆಯುವ ಕೆಂಪು ಬಟನ್. ಮೊದಲು ತಂಡದ ಗಡ್ಡದವನೊಬ್ಬ ಮೊನಚು ಕಂಸದ ಭಾಷೆಯಲ್ಲಿ ಬರೆದ. ತೆರೆದದ್ದನ್ನೆಲ್ಲ ಮುಚ್ಚುತ್ತ, ಒಮ್ಮೆ ಮುಚ್ಚಲು ಮರೆತು ಹಿಂದಕ್ಕೆ ಹೋಗಿ ಹುಡುಕುತ್ತ ಒಂಬತ್ತು ನಿಮಿಷ ತೆಗೆದುಕೊಂಡ. ಕನ್ನಡಕದ ಹುಡುಗಿಯೊಬ್ಬಳು ಪುಷ್ಪಾವರಣದ ಭಾಷೆಯಲ್ಲಿ ಮಾತಾಡುತ್ತಲೇ ಐದು ನಿಮಿಷಕ್ಕೆ ಮುಗಿಸಿದಳು. ಅಂಕಿಗಳು ಪ್ರೊಜೆಕ್ಟರಿನ ಬೆಳಕಿನಲ್ಲಿ ಗೋಡೆಯ ಮೇಲೆ ಹಸಿರಾಗಿ ಮಿಡಿಯತೊಡಗಿದಾಗ ಯಾರೋ ಚಪ್ಪಾಳೆ ತಟ್ಟಿದರು. ಪಟ್ಟಿ ತುಂಬಲೆಂದು ಇಬ್ಬರ ಬರಹವೂ ಅವನ ಲ್ಯಾಪ್‌ಟಾಪಿನಲ್ಲಿ ತೆರೆದಿತ್ತು. ಆಗಲೇ ಅವನು ಕಂಡದ್ದು: ಹುಡುಗಿಯ ಪರದೆಯಲ್ಲಿ ಕೆಂಪು ಬಟನ್ ಇರಲಿಲ್ಲ. ಅವಳು ಅದರ ಹೆಸರಿನಲ್ಲಿ ಒಂದಕ್ಷರ ಬಿಟ್ಟಿದ್ದಳು. ಭಾಷೆ ಅದನ್ನು ನುಂಗಿಕೊಂಡು, ಉಳಿದದ್ದನ್ನು ಕೆಳಕ್ಕೆ ಹಿಗ್ಗಿಸಿ, ಲಕ್ಷಣವಾಗಿ ತೋರಿಸಿತ್ತು. ಬೆಳಿಗ್ಗೆ ತಾನು ಅಳಿಸಿದ ಸಾಲು ಈಗ ತಾನೇ ಎದ್ದು ಕೋಣೆಯೊಳಗೆ ಬಂದು ನಿಂತಂತಾಯಿತು. ಹೇಳಬೇಕು. ಈಗ ಹೇಳಬಹುದು. ಅಷ್ಟರಲ್ಲಿ ಮಾವ ಎದ್ದರು.

ಕೀಬೋರ್ಡಿನ ಮುಂದೆ ಕೂತು ಅವರು ಕನ್ನಡಕ ಸರಿಮಾಡಿಕೊಂಡರು, ಬೆರಳ ನೆಟಿಗೆ ಮುರಿದರು. "ಇವರ ಥರ ಓಡಕ್ಕಾಗಲ್ಲಪ್ಪ ನನಗೆ," ಎಂದರು, "ನಾನು ಕಾಲ್ನಡಿಗೆಯವನು." ಒಳ್ಳೆಯ ನಗು ಎದ್ದಿತು. ಮೊದಲು ಅಂಚು ಬರೆದರು, ಆಮೇಲೆ ನಾಡಿಯ ಅಂಕಿ, ಅದನ್ನು ಯಂತ್ರಕ್ಕೆ ಜೋಡಿಸುವ ಕೊಂಡಿ. ಪುಟ್ಟ, ಶುದ್ಧ, ಓದಿದರೆ ಯಾರಿಗೂ ತಿಳಿಯುವ ಬರಹ. ಉಸಿರನ್ನೂ ರಕ್ತದೊತ್ತಡವನ್ನೂ ಪಕ್ಕಪಕ್ಕದಲ್ಲಿ ಇಡುವ ಜಾಗಕ್ಕೆ ಬಂದು ಬೆರಳು ನಿಂತಿತು. ಒಂದೇ ಒಂದು ಪದ ಬೇಕಿತ್ತು. 'ಸಾಲು'. ಭಾಷೆ ಕಟ್ಟಿದ ದಿನ ಅವರು ಮೊಟ್ಟಮೊದಲು ಇಟ್ಟ ಪದ. ಗೋಡೆಯ ಮೇಲೆ ಬರೆಯುವ ಗೆರೆ ಮಿಣುಕುತ್ತ ನಿಂತಿತ್ತು. ಮಾವ 'ಪಕ್ಕ' ಎಂದು ಬರೆದರು, ಅಳಿಸಿದರು. 'ಜೊತೆ' ಎಂದು ಬರೆದರು. ಚೌಕಟ್ಟು ತನ್ನ ಹಟದ ವಾಕ್ಯವನ್ನು ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿ ಗೋಡೆಗೆ ಹಚ್ಚಿತು: ಆರನೆಯ ಸಾಲಿನ ಪದ ನನಗೆ ತಿಳಿಯದು. ಅದರಲ್ಲೇ ಇತ್ತು ಬೇಕಾದ ಪದ, ಕಣ್ಣಿಗೆ ರಾಚುವಂತೆ, ಅವರಿಗೆ ಕಾಣಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಗಡ್ಡದವನು ತನ್ನ ಬೂಟು ನೋಡಿಕೊಂಡ. ಮಾವ ಮೆಲ್ಲಗೆ ತಲೆ ತಿರುಗಿಸಿ, ಜನರ ನಡುವೆ ಹುಡುಕಿ, ಅವನ ಮುಖವನ್ನು ನೋಡಿದರು.

ಅವನು ಎರಡು ಕುರ್ಚಿಯಾಚೆ ಇದ್ದ. ಬಾಯಿ ತೆರೆಯುವುದೂ ಬೇಡವಾಗಿತ್ತು. ಪೆನ್ನನ್ನು ಅಡ್ಡಲಾಗಿ ಮೇಜಿನ ಮೇಲಿಟ್ಟಿದ್ದರೆ ಸಾಕು, ಅವರಿಗೆ ಹೊಳೆದುಬಿಡುತ್ತಿತ್ತು. ಪದ ಅವನ ನಾಲಗೆಯ ಮೇಲೆ ಬಂದು ಕೂತಿತು. ಅದರ ರುಚಿಯೂ ತಿಳಿಯಿತು. ಅದನ್ನು ಅಲ್ಲೇ ಇಟ್ಟುಕೊಂಡ. ಹೆಂಡತಿ ಮಡಿಸುತ್ತಿದ್ದ ಅಂಗಿ ನೆನಪಾಯಿತು, ತಾನು ಈಗ ಹಾಕಿಕೊಂಡಿರುವುದು ಅದೇ ಅಂಗಿ ಎಂಬುದೂ ನೆನಪಾಯಿತು. ಆದರೂ ಮಾವನ ಕಣ್ಣನ್ನೇ ನೋಡುತ್ತ, ಅಡ್ಡಿಪಡಿಸಲು ಇಷ್ಟವಿಲ್ಲದ ಶಿಷ್ಯನ ಹಾಗೆ, ಗೌರವದಿಂದ ಕಾದ. ಮುಖ್ಯಸ್ಥೆಗೇ ತಡೆಯಲಾಗಲಿಲ್ಲ. "ಪರ್ವಾಗಿಲ್ಲ ಸರ್, ಐಡಿಯಾ ಗೊತ್ತಾಯ್ತು ನಮಗೆ," ಎಂದಳು, ಮಕ್ಕಳ ಚಿತ್ರ ನೋಡಿ ಹೇಳುವ ದನಿಯಲ್ಲಿ. "ತುಂಬಾ ಚೆನ್ನಾಗಿದೆ. ಬನ್ನಿ, ಕೂತ್ಕೊಳ್ಳಿ."

ಮಾವ ಏಳಲಿಲ್ಲ. ಗೋಡೆಯನ್ನೇ ದಿಟ್ಟಿಸುತ್ತಿದ್ದರು. ಹುಡುಗಿಯ ಪರದೆ ಇನ್ನೂ ಪಕ್ಕದಲ್ಲಿ ಹಸಿರಾಗಿ ಮಿಡಿಯುತ್ತಿತ್ತು. "ಅದರಲ್ಲಿ ನರ್ಸ್ ಬಟನ್ ಇಲ್ಲ," ಎಂದರು ಇದ್ದಕ್ಕಿದ್ದಂತೆ. ದನಿ ಹಳೆಯ ದನಿಯೇ. ಕೆಂಪು ಪೆನ್ನಿನ ದನಿ. "ಆ ಎರಡನೇದರಲ್ಲಿ. ನೋಡಿ ಎಲ್ರೂ. ಬಟನ್ನೇ ಇಲ್ಲ."

ಕೋಣೆಯಲ್ಲಿ ಒಂದು ಬಗೆಯ ಸಂಕಟ ಹರಡಿತು. ಸೋತವರು ಎಬ್ಬಿಸುವ ತಕರಾರಿಗೆ ಜನ ತೋರಿಸುವ ಸಂಕಟ. ಕನ್ನಡಕದ ಹುಡುಗಿ ನಕ್ಕಳು, ಕೆಟ್ಟ ನಗುವಲ್ಲ. "ಇದೆ ಸರ್. ಪ್ರೊಜೆಕ್ಟರ್ ಕೆಳಗಡೆ ಸ್ವಲ್ಪ ಕತ್ತರಿಸುತ್ತೆ, ಅದಕ್ಕೆ ಕಾಣ್ತಿಲ್ಲ."

"ಕತ್ತರಿಸಿಲ್ಲಮ್ಮ. ನಾಡಿಯಂಕಿ ಅಷ್ಟು ಕೆಳಗೆ ಬರ್ಬಾರ್ದು. ಬಟನ್ ಇದ್ದಿದ್ರೆ ಅದು ಮೇಲಿರ್ತಿತ್ತು."

ಮುಖ್ಯಸ್ಥೆ ಅವನತ್ತ ತಿರುಗಿದಳು. "ನಿಮ್ಮ ಲ್ಯಾಪ್‌ಟಾಪಲ್ಲಿ ಪೂರ್ತಿ ಕಾಣುತ್ತಲ್ಲ ಸರ್, ಒಂದ್ಸಲ ನೋಡಿ ಹೇಳ್ಬಿಡಿ. ಇದೆಯಾ?"

ಅವನು ತಲೆ ತಗ್ಗಿಸಿ ನೋಡಿದ. ನೋಡುವುದಕ್ಕೇನೂ ಉಳಿದಿರಲಿಲ್ಲ. ಆದರೂ ನೋಡಿದ, ಎರಡು ಬೆರಳಿನಿಂದ ಪರದೆಯನ್ನು ಮೇಲಕ್ಕೆ ಕೆಳಕ್ಕೆ ಜರುಗಿಸಿದ. ಈ ಮನುಷ್ಯ ಸರಿ. ಈಗಲೂ, ತಲೆಯೊಳಗೆ ಒಂದೊಂದೇ ದೀಪ ಆರುತ್ತಿರುವಾಗಲೂ, ಕೋಣೆಯಲ್ಲಿರುವ ಅಷ್ಟೂ ಜನರಲ್ಲಿ ಸರಿಯಿರುವವರು ಇವರೊಬ್ಬರೇ. ಅದು ಹೊಳೆದಾಗ ಅವನ ಎದೆಯಲ್ಲಿ ಎದ್ದದ್ದು ಮರುಕ ಎಂದೇ ಮೊದಲು ಅನ್ನಿಸಿತು.

"ಇದೆ," ಎಂದ. "ಕೆಳಗಿದೆ ಸರ್."

ಮಾವ ಅವನನ್ನು ನೋಡಿದರು, ಗೋಡೆಯನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಮೆಟ್ಟಿಲಿದೆ ಎಂದು ಕಾಲಿಟ್ಟವರು ಮೆಟ್ಟಿಲಿಲ್ಲದೆ ಮುಗ್ಗರಿಸಿದಾಗ ಇರುವಂಥ ಮುಖ. "ಹೌದಾ?" ಎಂದರು. "ಹಾಗಾದ್ರೆ... ನನಗೇ ಕಾಣ್ಲಿಲ್ಲ ಅನ್ಸುತ್ತೆ." ಕುರ್ಚಿಯ ಕೈ ಹಿಡಿದು ಎದ್ದರು. "ಕ್ಷಮಿಸಮ್ಮ," ಎಂದು ಹುಡುಗಿಗೆ ಹೇಳಿ ತಮ್ಮ ಜಾಗಕ್ಕೆ ಹೋಗಿ ಕೂತರು. ಅವರು ಯಾರಲ್ಲೂ ಕ್ಷಮೆ ಕೇಳಿದ್ದನ್ನು ಅವನು ಈ ತನಕ ಕಂಡಿರಲಿಲ್ಲ. ಕಾಣಬೇಕೆಂದು ಎಷ್ಟೋ ಸಲ ಹಂಬಲಿಸಿದ್ದ. ಕಂಡದ್ದು ಇಷ್ಟು ಬೇಗ ಮುಗಿದುಹೋಯಿತೆಂದು, ನಾಚಿಕೆಯ ನಡುವೆಯೂ, ಒಂದು ಸಣ್ಣ ನಿರಾಸೆಯಾಯಿತು.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವನು ಹುಡುಗಿಯ ಬರಹವನ್ನು ತೆರೆದು, ಬಿಟ್ಟುಹೋಗಿದ್ದ ಒಂದಕ್ಷರವನ್ನು ಸೇರಿಸಿ, ಉಳಿಸಿದ. ಕೆಂಪು ಬಟನ್ ಕೆಳಗೆ ಬಂದು ಕೂತಿತು; ನಾಡಿಯ ಅಂಕಿ, ಮಾವ ಹೇಳಿದ್ದ ಹಾಗೆಯೇ, ಮೇಲಕ್ಕೆ ಹೋಯಿತು. ಇನ್ನು ಯಾವ ರೋಗಿಗೂ ತೊಂದರೆಯಿಲ್ಲ, ಯಾರಿಗೂ ಮೋಸವಾಗಿಲ್ಲ ಎಂದುಕೊಂಡ. ಆಮೇಲೆ ಪಟ್ಟಿ ತೆರೆದು ಅಳಿಸಿದ್ದ ಸಾಲನ್ನು ಮತ್ತೆ ಬರೆಯಬಹುದೇ ಎಂದು ಯೋಚಿಸುತ್ತ ಕೂತ. ಅದನ್ನು ಬರೆದರೆ ಯಾರಾದರೂ ಉದಾಹರಣೆ ಕೇಳುತ್ತಾರೆ. ಉದಾಹರಣೆಯನ್ನು ಈಗಷ್ಟೇ ತಿದ್ದಿಯಾಗಿತ್ತು. ಮೂರು ಗಂಟೆಗೆ ಮುಖ್ಯಸ್ಥೆ ಕರೆದು, ತೀರ್ಮಾನವಾಗಿದೆ, ಚೌಕಟ್ಟನ್ನು ನಿಲ್ಲಿಸುತ್ತೇವೆ, ಹೊಸ ತಂಡವನ್ನು ನೀವು ನೋಡಿಕೊಳ್ಳಿ ಎಂದಳು. "ಸರ್‌ಗೆ ನೀವೇ ಹೇಳ್ಬಿಡಿ," ಎಂದೂ ಸೇರಿಸಿದಳು, "ಮನೆಯವರ ಬಾಯಲ್ಲಿ ಕೇಳಿದ್ರೆ ಅವರಿಗೂ ಅಷ್ಟು ನೋವಾಗಲ್ಲ." ಅವನು ಥ್ಯಾಂಕ್ಸ್ ಹೇಳಿ ಬಂದ.

ಸಂಜೆ ಕಾರಿನಲ್ಲಿ ಅವನೇ ಹೇಳಿದ. ಮಾವ "ಆಗ್ಬೇಕಾದ್ದೇ" ಎಂದರು. ಕಿಟಕಿಯ ಕಡೆ ಮುಖ ಮಾಡಿ ಕೂತರು. ಬೆಳಿಗ್ಗೆಯ ಹಾಗೆ ತುಟಿ ಅಲ್ಲಾಡುತ್ತಿರಲಿಲ್ಲ. ಆಮೇಲೆ ತಮಗೇ ಎಂಬಂತೆ, "ಪದ ಮರೆತದ್ದು ಸರಿ," ಎಂದರು. "ಅದು ಗೊತ್ತಿತ್ತು ನನಗೆ, ಮರೀತಿದೆ ಅಂತ. ಮಗಳು ಹೇಳಿರ್ಬೇಕು ನಿಮಗೂ. ಆದ್ರೆ ಆ ಬಟನ್ನು... ಇಲ್ಲ ಅಂತಲೇ ಕಂಡಿತ್ತು ಅಳಿಯಂದ್ರೇ. ಗಟ್ಟಿಯಾಗಿ, ಇಲ್ಲ ಅಂತಲೇ." ಉತ್ತರಕ್ಕೆ ಕಾಯುವವರಂತೆ ಅವನ ಕಡೆ ಅರ್ಧ ತಿರುಗಿ ಕೂತರು. ಮುಂದೆ ಬಸ್ಸೊಂದು ಅಡ್ಡಬಂತು. ಅವನು ಬ್ರೇಕು ಒತ್ತಿ, ಆ ಬಸ್ಸಿನ ಡ್ರೈವರಿಗೆ ಬೈದ. ಬೈಗುಳ ಮುಗಿಯುವಷ್ಟರಲ್ಲಿ ಮಾವ ನೆಟ್ಟಗೆ ತಿರುಗಿ ಕೂತಾಗಿತ್ತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅಪ್ಪನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮಾವ ಚಪ್ಪಲಿ ಬಿಟ್ಟು, ಕಿಟಕಿಯ ಬಳಿ ತಮ್ಮ ಕುರ್ಚಿಯಲ್ಲಿ ಕೂತು, ತಾವಾಗಿಯೇ ಹೇಳಿದರು. "ನಾಳೆಯಿಂದ ನಾನು ಆಫೀಸಿಗೆ ಹೋಗಲ್ಲಮ್ಮ. ಸಾಕು. ಇವತ್ತು ಎಲ್ಲರೆದುರಿಗೆ ಇಲ್ಲದ ತಪ್ಪು ಎತ್ತಿ ಆಡಿಬಿಟ್ಟೆ. ಪಾಪ, ಆ ಹುಡುಗಿ ಚೆನ್ನಾಗೇ ಬರೆದಿತ್ತು. ಅಳಿಯಂದ್ರು ಮೆಲ್ಲಗೆ, ಇದೆ ಸರ್, ಕೆಳಗಿದೆ ಅಂತ ಹೇಳಿ ಅಲ್ಲಿಗೇ ನಿಲ್ಸಿದ್ರು. ಇಲ್ದಿದ್ರೆ ಇನ್ನೂ ಏನೇನು ಅಂತಿದ್ನೋ. ಮಾನ ಉಳಿಸಿದ್ರು." ಅವಳು ಗಂಡನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಅಪ್ಪನ ಎದುರಿಗೆ ಎಂದೂ ಅವನನ್ನು ಮುಟ್ಟದವಳು ಹತ್ತಿರ ಬಂದು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಯನ್ನು ಅವನ ಭುಜಕ್ಕೆ ಒತ್ತಿದಳು. ಆ ಹಣೆ ಬೆಚ್ಚಗಿತ್ತು. ಈಗ ಹೇಳಿದರೆ ಇನ್ನೆಂದೂ ಈ ಹಣೆ ಇಲ್ಲಿರುವುದಿಲ್ಲ. ಅವನು ಅಲುಗಾಡದೆ ನಿಂತ. ಅವಳು ಮೂಗೊರೆಸಿಕೊಂಡು ಕಾಫಿ ತರಲು ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು.

"ಕೂತ್ಕೊಳ್ಳಿ," ಎಂದರು ಮಾವ. ಅವನು ಎದುರಿನ ಬೆತ್ತದ ಸ್ಟೂಲಿನ ಮೇಲೆ ಕೂತ. ಅವರ ದನಿಯಲ್ಲಿ ಹಿಂದೆಂದೂ ಇಲ್ಲದ ಒಂದು ಸಂಕೋಚವಿತ್ತು. "ಒಂದು ಮಾತು. ಇನ್ಮೇಲೆ ನಂದು ಹೀಗೇ. ಕಂಡಿದ್ದು ಇರಲ್ಲ, ಇದ್ದಿದ್ದು ಕಾಣಲ್ಲ. ಮಗಳನ್ನ ಕೇಳಿದ್ರೆ ಅಳ್ತಾಳೆ. ನೀವು ಹೇಳ್ಬಿಡಿ ನನಗೆ, ಮುಲಾಜಿಲ್ದೆ. ನೀವು ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ಹಾಗಂತ ಇಟ್ಕೋತೀನಿ." ಅವನು ತಲೆಯಾಡಿಸಿದ. ಇನ್ನು ಮುಂದೆ ಈ ಮನುಷ್ಯನಿಗೆ ಸುಳ್ಳು ಹೇಳಲಾರೆ, ಜೋಪಾನ ಮಾಡುತ್ತೇನೆ, ಒಂದೊಂದು ಪದವನ್ನೂ ಎತ್ತಿ ಕೊಡುತ್ತೇನೆ ಎಂದು, ಆ ಒಂದು ಗಳಿಗೆ, ಅವನು ನಿಜವಾಗಿಯೂ ಅಂದುಕೊಂಡ. ಮಾವನ ಮುಖ ಹಗುರಾಯಿತು. ಕಿಟಕಿಯಾಚೆ ನೋಡಿದರು. ಇನ್ನೂ ಬೆಳಕಿತ್ತು. ಎದುರುಮನೆಯ ಮಹಡಿಯ ಮೇಲೆ ಒಬ್ಬ ಹೆಂಗಸು ತಂತಿಯ ಮೇಲೆ ನೀಲಿ ಹೊದಿಕೆಯೊಂದನ್ನು ಹರಡಿ, ಎರಡೂ ಕೈಯಿಂದ ಸುಕ್ಕು ಎಳೆಯುತ್ತಿದ್ದಳು.

"ಅಲ್ಲಿ ಮಹಡಿ ಮೇಲೆ," ಎಂದರು ಮಾವ, ಆಟಕ್ಕೆ ಕೂತವರ ಹಾಗೆ ನಸುನಗುತ್ತ, "ಯಾರೋ ಬಟ್ಟೆ ಹರವ್ತಿದ್ದಾರೆ. ಅಲ್ವಾ?"

ಅವನು ನೋಡಿದ. ಹೆಂಗಸು ಹೊದಿಕೆಯ ಅಂಚನ್ನು ಒದರಿ ಕ್ಲಿಪ್ಪು ಹಾಕಿದಳು.

"ಇಲ್ಲ ಮಾವ," ಎಂದ. "ಯಾರೂ ಇಲ್ಲ."

ಯಾಕೆ ಹೇಳಿದೆ ಎಂದು ಅವನಿಗೇ ತಿಳಿಯಲಿಲ್ಲ. ಮಾತು ಅಷ್ಟು ಸಲೀಸಾಗಿ, ಅಷ್ಟು ಮೆತ್ತಗೆ ಬಂದಿತ್ತು. ಒಳಗೆ ಹೆಂಡತಿ ಲೋಟಗಳನ್ನು ಜೋಡಿಸುತ್ತಿದ್ದಳು. ಮಾವ ಒಂದಷ್ಟು ಹೊತ್ತು ಆ ನೀಲಿಯನ್ನೇ ನೋಡಿದರು. ಆಮೇಲೆ "ಹ್ಞೂಂ" ಎಂದು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಎದ್ದು, ಕುರ್ಚಿಯನ್ನು ಎಳೆದು, ಕಿಟಕಿಗೆ ಬೆನ್ನು ಮಾಡಿ ಹಾಕಿಕೊಂಡು ಕೂತರು.